ಪಂಪು ನಿಲ್ಲಿಸದೆ ಪ್ಯಾನೆಲ್ ಬದಲಿಸಿದ ಬೇಸಿಗೆ

ಪ್ಯಾನೆಲ್ಲಿನ ಬಾಗಿಲು ತೆರೆದರೆ ಒಳಗೆ ಟೇಬಲ್ ಫ್ಯಾನೊಂದು ತಿರುಗುತ್ತಿತ್ತು. ಮನೆಯಲ್ಲಿ ಇಟ್ಟುಕೊಳ್ಳುವಂಥದ್ದೇ, ನೀಲಿ ರೆಕ್ಕೆಯದು. ಅದನ್ನು ಇಟ್ಟಿಗೆಯ ಮೇಲೆ ಕೂರಿಸಿ, ವೈರುಗಳ ನಡುವೆ ಬಿಸಿಯೇರುತ್ತಿದ್ದ ಒಂದು ಬೂದು ಪೆಟ್ಟಿಗೆಯ ಕಡೆಗೆ ಮುಖ ಮಾಡಿ ಇಟ್ಟಿದ್ದರು.

"ಇದು ನಿಂತ್ರ ಪಂಪೂ ನಿಂತಂಗ್ರಿ ಸಾಹೇಬ್ರ," ಎಂದರು ಅಲ್ಲಿನ ಹಿರಿಯ ಆಪರೇಟರ್. ಅವರ ದನಿಯಲ್ಲಿ ದೂರು ಇರಲಿಲ್ಲ, ಹೆಮ್ಮೆ ಇತ್ತು.

ಅದು ನಮ್ಮ ಭಾಗದ್ದೇ ಒಂದು ಊರಿನ ಚರಂಡಿ ನೀರು ಶುದ್ಧ ಮಾಡುವ ಘಟಕ. ಊರಿನ ಹೆಸರು ಬೇಡ. ಅಲ್ಲಿಯವರಿಗೆ ಓದಿದ ಕೂಡಲೇ ಗೊತ್ತಾಗುತ್ತದೆ. ಊರಿನ ಬಚ್ಚಲು, ಪಾಯಖಾನೆಗಳ ನೀರೆಲ್ಲ ಕೊಳವೆಗಳಲ್ಲಿ ಇಳಿದು ಬಂದು ಒಂದು ಆಳವಾದ ಬಾವಿಗೆ ಬೀಳುತ್ತದೆ. ಅಲ್ಲಿಂದ ಮೂರು ಪಂಪುಗಳು ಅದನ್ನು ಎತ್ತಿ ಮೇಲಿನ ಹೊಂಡಗಳಿಗೆ ಕಳಿಸುತ್ತವೆ. ಹೊಂಡಗಳಲ್ಲಿ ತಿಳಿಯಾದ ನೀರು ಆಚೆಯ ಕಬ್ಬಿನ ಗದ್ದೆಗಳಿಗೆ ಹೋಗುತ್ತದೆ. ಪಂಪು ನಿಂತರೆ ಬಾವಿ ತುಂಬುತ್ತದೆ. ತುಂಬಿದ ಬಾವಿ ಪಕ್ಕದ ಕಾಲುವೆಗೆ ಉಕ್ಕಿ ನೇರವಾಗಿ ಹಳ್ಳಕ್ಕೆ ಇಳಿಯುತ್ತದೆ. ಆ ಹಳ್ಳದಲ್ಲಿ ಜನ ಬಟ್ಟೆ ಒಗೆಯುತ್ತಾರೆ, ಕುರಿ ದನಗಳಿಗೆ ನೀರು ಕುಡಿಸುತ್ತಾರೆ.

ಆ ಬೂದು ಪೆಟ್ಟಿಗೆಗೆ ಡ್ರೈವ್ ಎನ್ನುತ್ತೇವೆ. ಬಾವಿಯಲ್ಲಿ ನೀರು ಏರಿದರೆ ಮೋಟಾರನ್ನು ಜೋರಾಗಿ, ಇಳಿದರೆ ನಿಧಾನವಾಗಿ ಓಡಿಸುವುದು ಅದರ ಕೆಲಸ. ಮೂರು ಪಂಪಿಗೆ ಮೂರು ಡ್ರೈವ್. ಮಾಡಿದ ಕಂಪನಿ ಆ ಮಾದರಿಯನ್ನು ಎಂದೋ ಕೈಬಿಟ್ಟಿತ್ತು. ಒಳಗಿನ ಕಾರ್ಡು ಸುಟ್ಟರೆ ಕೊಲ್ಹಾಪುರ, ಇಚಲಕರಂಜಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ತರುತ್ತಿದ್ದರು. ಆ ವರ್ಷ ಹುಡುಕಿದರೂ ಸಿಗಲಿಲ್ಲ. ಚಿಕ್ಕೋಡಿಯಲ್ಲಿ ಪ್ಯಾನೆಲ್ ಕಟ್ಟುವ ವರ್ಕ್‌ಶಾಪ್ ಇಟ್ಟುಕೊಂಡಿರುವ ನನಗೆ ಮೂರನ್ನೂ ಬದಲಿಸುವ ಕೆಲಸ ಬಂತು. ಬೇಸಿಗೆಯಲ್ಲಿ ಶುರು ಮಾಡಿ ಮಳೆಗಾಲಕ್ಕೆ ಮುಂಚೆ ಮುಗಿಸಬೇಕು ಎಂಬುದೊಂದೇ ಕರಾರು.

ಘಟಕದ ಹೊಣೆ ನಗರಸಭೆಯ ಒಬ್ಬ ಎಂಜಿನಿಯರ್ ಹೆಣ್ಣುಮಗಳದು. ಕುಡಚಿ ಊರಿನವರು. ಎಲ್ಲರೂ ಮೇಡಂ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೊದಲ ದಿನ ನಾನು ನಕ್ಷೆಯ ಸುರುಳಿ ಬಿಚ್ಚಲು ಹೋದರೆ ಅವರು, "ಅದನ್ನ ಆಮ್ಯಾಲ ನೋಡೂಣ್ರಿ. ಮೊದಲ ನಡೀರಿ," ಎಂದು ಬಾವಿಯ ಕಟ್ಟೆಯಿಂದ ಹಿಡಿದು ಹಳ್ಳದ ತನಕ ನನ್ನನ್ನು ನಡೆಸಿಕೊಂಡು ಹೋದರು. ದಾರಿಯಲ್ಲಿ ಊರಿನ ನೀರಿನ ಲೆಕ್ಕ ಹೇಳಿದರು. ಬೆಳಿಗ್ಗೆ ಸ್ನಾನ, ಬಟ್ಟೆ ಎಂದು ನೀರು ನುಗ್ಗಿ ಬರುತ್ತದೆ. ಊಟದ ಪಾತ್ರೆ ತೊಳೆದ ಮೇಲೆ ಇಳಿಯುತ್ತದೆ. ಸಂಜೆ ಮತ್ತೆ ಏರುತ್ತದೆ. ಲಗ್ನಸರಾಯಿಯಲ್ಲಿ, ಅಂದರೆ ಮದುವೆಗಳ ಕಾಲದಲ್ಲಿ, ಈ ಲೆಕ್ಕ ಹಿಡಿಯುವುದಿಲ್ಲ.

"ನಿಮಗ ಸಿಗೂದು ಮಧ್ಯಾಹ್ನದ ಹೊತ್ತು ಅಷ್ಟರಿಪಾ," ಎಂದರು. "ರಾತ್ರಿ ನೀರು ಕಡಿಮಿ ಇರ್ತೈತಿ ಖರೆ. ಆದ್ರ ಕತ್ತಲ್ಯಾಗ ಕರೆಂಟಿನ ಕೆಲಸ ನಾ ಮಾಡ್ಸಂಗಿಲ್ಲ. ಬಾವಿ ದಂಡ್ಯಾಗ ಕಾಲು ಜಾರಿದ್ರ ಮನಶಾ ಸಿಗಂಗಿಲ್ಲ."

ಇನ್ನೊಂದು ಮಾತನ್ನೂ ಅಂದೇ ಹೇಳಿದರು. ಹೊಸ ಪ್ಯಾನೆಲ್ಲನ್ನು ಹಳೆಯದರ ಜಾಗದಲ್ಲಿ ಇಡುವುದು ಬೇಡ, ಬಾವಿಯ ಪಡುವಣಕ್ಕೆ ಇರುವ ಉಗ್ರಾಣದ ಕೋಣೆಯಲ್ಲಿ ಇಡಬೇಕು. ಬಾವಿಯಿಂದ ಏಳುವ ಗಾಳಿ ತಾಮ್ರವನ್ನು ಕಪ್ಪಾಗಿಸಿ ತಿನ್ನುತ್ತದೆ. ನಮ್ಮಲ್ಲಿ ವರ್ಷದ ಬಹುಪಾಲು ಗಾಳಿ ಪಡುವಣದಿಂದ ಬೀಸುವುದರಿಂದ ಬಾವಿಯ ಗಾಳಿ ಆ ಕೋಣೆಯ ಕಡೆಗೆ ಬರುವುದಿಲ್ಲ. ಕೋಣೆ ದೂರವಾಗಿ ಕೇಬಲ್ ಹೆಚ್ಚು ಬೇಕಾಯಿತು. ಆದರೂ ಒಪ್ಪಿದೆ. ಹಳೆಯ ಪ್ಯಾನೆಲ್ಲಿನ ತಾಮ್ರದ ಪಟ್ಟಿಗಳು ಕಾಡಿಗೆ ಬಳಿದಂತೆ ಇದ್ದುದನ್ನು ಕಣ್ಣಾರೆ ನೋಡಿದ್ದೆ.

ಕೆಲಸದ ಕ್ರಮ ಹೀಗೆ ನಿಶ್ಚಯವಾಯಿತು. ಮೊದಲು ಒಂದನೇ ಪಂಪನ್ನು ಮಾತ್ರ ಹಳೆಯ ಪ್ಯಾನೆಲ್ಲಿನಿಂದ ಬಿಡಿಸಿ ಹೊಸದಕ್ಕೆ ಜೋಡಿಸುವುದು. ಕೆಲವು ದಿನ ಓಡಿಸಿ ನೋಡಿ, ಆಮೇಲೆ ಎರಡನೆಯದು. ಮೂರನೆಯದು ಕೊನೆಯವರೆಗೂ ಹಳೆಯ ಡ್ರೈವಿನ ಮೇಲೇ ಇರಬೇಕು.

ಪ್ರತಿ ಮಧ್ಯಾಹ್ನವೂ ಒಂದೇ ಬಗೆಯ ಶಿಸ್ತು. ಸ್ವಿಚ್ ಇಳಿಸಿ ಅದಕ್ಕೆ ಬೀಗ ಹಾಕುವುದು, ವೈರನ್ನು ಮುಟ್ಟುವವನೇ ಕೀಲಿಯನ್ನು ಕಿಸೆಯಲ್ಲಿ ಇಟ್ಟುಕೊಳ್ಳುವುದು. ಮೋಟಾರಿನ ಒಳಗಿನ ಸುರುಳಿಯಿಂದ ಕರೆಂಟು ಭೂಮಿಗೆ ಸೋರುತ್ತಿದೆಯೇ ಎಂದು ಮೆಗ್ಗರ್ ಎಂಬ ಮಾಪಕ ಹಚ್ಚಿ ನೋಡುವುದು. ಜೋಡಿಸಿದ ಮೇಲೆ ಒಂದು ಕ್ಷಣ ಮಾತ್ರ ಚಾಲೂ ಮಾಡಿ ಶಾಫ್ಟು ಯಾವ ಕಡೆ ತಿರುಗಿತೆಂದು ಖಾತ್ರಿ ಮಾಡಿಕೊಳ್ಳುವುದು. ಉಲ್ಟಾ ತಿರುಗಿದರೂ ಪಂಪು ಸದ್ದು ಮಾಡುತ್ತದೆ, ನೀರು ಮಾತ್ರ ಏಳುವುದಿಲ್ಲ.

ಒಂದನೇ ಪಂಪು ಸುಸೂತ್ರವಾಗಿ ನಡೆಯಿತು. ಹಿರಿಯ ಆಪರೇಟರ್ ಹೊಸ ಕೋಣೆಯ ಒಳಗೆ ಕಾಲಿಡದೆ ಹೊಸ್ತಿಲ ಮೇಲೆ ನಿಂತೇ ನೋಡುತ್ತಿದ್ದರು. ಕರೋಶಿ ಊರಿನವರು, ದೊಡ್ಡ ಮೀಸೆ, ಮಾತು ಇನ್ನೂ ದೊಡ್ಡದು. ಮರಾಠಿಯಲ್ಲಿ ಶುರು ಮಾಡಿದ ಬೈಗುಳವನ್ನು ಕನ್ನಡದಲ್ಲಿ ಮುಗಿಸುವವರು.

"ಹಳೇದು ನನ್ನ ಮಾತ ಕೇಳತಿತ್ತರಿ," ಎಂದರು. "ಒಂದ ಗುದ್ದ ಗುದ್ದಿದ್ರ ಚಾಲೂ ಆಗತಿತ್ತು. ಇದಕ್ಕ ಎಲ್ಲಿ ಗುದ್ದಬೇಕು?"

"ಇದಕ್ಕ ಗುದ್ದೂದು ಬ್ಯಾಡ್ರಿ. ಬೆರಳಿಲೆ ಮುಟ್ಟಿದ್ರ ಸಾಕು," ಎಂದು ನಾನು ಪರದೆ ತೋರಿಸಿದೆ. ಬಾವಿಯ ನೀರಿನ ಮಟ್ಟ ನೀಲಿ ಪಟ್ಟಿಯಾಗಿ ಏರಿಳಿಯುತ್ತಿತ್ತು. ಬಾವಿಯ ಮೇಲೆ ತೂಗುಹಾಕಿದ ಒಂದು ಸೆನ್ಸರ್ ನೀರಿನ ಮಟ್ಟವನ್ನು ಅಳೆದು ಕಳಿಸುತ್ತದೆ, ನಡುವೆ ಇರುವ ಕಂಟ್ರೋಲರ್ ಅದನ್ನು ನೋಡಿ ಯಾವ ಪಂಪು ಎಷ್ಟು ಜೋರಾಗಿ ಓಡಬೇಕೆಂದು ಹೇಳುತ್ತದೆ. ನಕ್ಷೆ ಇದ್ದದ್ದೇ ಹಾಗೆ. ಈಗ ಎಲ್ಲ ಕಡೆ ಹೀಗೆಯೇ ಕಟ್ಟುತ್ತಾರೆ.

ಎರಡನೇ ಪಂಪು ಜೋಡಿಸಿದ ಮರುದಿನ ಬೆಳಿಗ್ಗೆ ನಾನು ಘಟಕದ ಗೇಟಿನಲ್ಲಿ ಗಾಡಿ ನಿಲ್ಲಿಸುವಷ್ಟರಲ್ಲಿ ಹಿರಿಯ ಆಪರೇಟರ್ ಓಡಿ ಬಂದರು.

"ಸಾಹೇಬ್ರ, ಎರಡೂ ಬಂದ್ ಬಿದ್ದಾವ! ನಿಮ್ಮ ಪರದೆ ಮ್ಯಾಲ ಬಾವಿ ಖಾಲಿ ಐತಿ ಅಂತ ತೋರಸಾಕತ್ತೈತಿ. ಬಗ್ಗಿ ನೋಡಿದ್ರ ನೀರು ದಂಡಿಗೆ ಬಂದೈತಿ!"

ಒಳಗೆ ಹೋಗಿ ನೋಡಿದೆ. ನೀಲಿ ಪಟ್ಟಿ ತಳ ಕಚ್ಚಿತ್ತು. ಬಾವಿ ಬರಿದಾಗಿದೆ, ಒಣ ಪಂಪು ಓಡಿದರೆ ಸುಡುತ್ತದೆ ಎಂದು ಕಂಟ್ರೋಲರ್ ತನ್ನ ಪಾಲಿನ ಕೆಲಸ ಸರಿಯಾಗಿಯೇ ಮಾಡಿ ಎರಡನ್ನೂ ನಿಲ್ಲಿಸಿತ್ತು. ಊರು ಸ್ನಾನ ಮಾಡುವ ಹೊತ್ತು. ಆಪರೇಟರ್ ಆಗಲೇ ಮೂರನೇ ಪಂಪನ್ನು ಹಳೆಯ ಡ್ರೈವಿನಲ್ಲಿ ಶುರು ಮಾಡಿದ್ದರು, ಆದರೆ ಬೆಳಗಿನ ನೀರಿಗೆ ಅದೊಂದು ಸಾಲದು. ಬಾವಿಯ ಬಾಯಿಂದ ಕಪ್ಪು ನೀರು ಕಾಲುವೆಗೆ ಜಾರತೊಡಗಿತ್ತು.

ಅಷ್ಟರಲ್ಲಿ ಮೇಡಂ ಬಂದರು. ಕಾಲುವೆ ನೋಡಿದರು, ನನ್ನ ಮುಖ ನೋಡಿದರು.

"ಕೈಲೆ ಚಾಲೂ ಮಾಡಾಕ ಬರ್ತೈತೇನ್ರಿ?"

"ಬರ್ತೈತ್ರಿ. ಕಂಟ್ರೋಲರ್ ಬಿಡಿಸಿ ಒಂದೊಂದ ಡ್ರೈವಿಗೆ ಬ್ಯಾರೆ ಸೆಟಿಂಗ್ ಹಾಕಬೇಕು. ಸ್ವಲ್ಪ ಹೊತ್ತು ಹಿಡೀತೈತಿ."

"ಹಂಗಾರ ನೀವು ಅದನ್ನ ಮಾಡ್ರಿ. ನಾ ಹಳ್ಳಕ್ಕ ಹೊಂಟೆ."

ಇಷ್ಟು ಹೇಳಿ ಸ್ಕೂಟಿ ತಿರುಗಿಸಿಕೊಂಡು ಹೋಗಿಯೇಬಿಟ್ಟರು. ಒಂದು ಬೈಗುಳ ಇಲ್ಲ, ಯಾಕೆ ಹೀಗಾಯಿತು ಎಂಬ ಪ್ರಶ್ನೆ ಇಲ್ಲ. ನನಗೆ ಆ ಕ್ಷಣದಲ್ಲಿ ತೋಚಿದ್ದು ಡ್ರೈವು, ಸೆಟಿಂಗು, ನನ್ನ ಹೆಸರು. ಅವರಿಗೆ ತೋಚಿದ್ದು ಆ ನೀರು ಹೋಗಿ ಮುಟ್ಟುವ ಜಾಗದಲ್ಲಿ ಯಾರಿದ್ದಾರೆ ಎಂದು.

ನಾನು ಡ್ರೈವುಗಳ ಮುಂದೆ ಮೊಣಕಾಲೂರಿ ಕೂತೆ. ಅವಸರದಲ್ಲಿ ಒಂದು ಸೆಟಿಂಗ್ ತಪ್ಪಾಗಿ ಹೋಗಿ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಕೊನೆಗೆ ಒಂದು ಪಂಪು ಎದ್ದಿತು, ಹಿಂದೆಯೇ ಇನ್ನೊಂದು. ಕಟ್ಟೆಯ ಮೇಲೆ ನಿಂತ ಆಪರೇಟರ್ "ಇಳದೈತಿ, ಇಳದೈತಿ" ಎಂದು ಕೂಗಿದ ಮೇಲೆಯೇ ನಾನು ಎದ್ದು ನಿಂತದ್ದು.

ಮೇಡಂ ಮರಳಿ ಬಂದಾಗ ಚಪ್ಪಲಿಯ ತುಂಬ ಕೆಸರು. ಹಳ್ಳದ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರನ್ನು ಎಬ್ಬಿಸಿ ಕಳಿಸಿದ್ದರು. ಅಲ್ಲೇ ಕುರಿಗಳನ್ನು ನೀರಿಗೆ ಇಳಿಸುತ್ತಿದ್ದ ಒಬ್ಬ ಹೆಂಗಸು ಮೊದಲು ನಂಬಲಿಲ್ಲವಂತೆ. "ಯಾವಾಗ್ಲೂ ಬರೂ ನೀರ ಐತಿ, ಇವತ್ತೇನ ಬಂತಬೇ ಯವ್ವಾ ನಿನಗ?" ಎಂದಳಂತೆ. ಮೇಡಂ ವಾದ ಮಾಡದೆ ಅವಳ ಜೊತೆ ತಾವೂ ಹಿಂಡಿನ ಮುಂದೆ ನಿಂತು, ಕೈಬೀಸಿ ಕುರಿಗಳನ್ನು ಏರಿಗೆ ಹತ್ತಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ನಗರಸಭೆಯ ನೀರಿನ ಟ್ಯಾಂಕರ್ ಆ ಹೆಂಗಸಿನ ಹಟ್ಟಿಗೆ ಹೋಯಿತು. ಹಳ್ಳ ತಿಳಿಯಾಗುವ ತನಕ ದಿನವೂ ಹೋಯಿತು.

ಕಾರಣ ಹುಡುಕಲು ನನಗೆ ಆ ಮಧ್ಯಾಹ್ನವೆಲ್ಲ ಬೇಕಾಯಿತು. ಸೆನ್ಸರಿನಿಂದ ಬರುವ ಸಿಗ್ನಲ್ ಬಹಳ ಸಣ್ಣ ಕರೆಂಟು. ಅದರ ವೈರು ಕೇಬಲ್ ಹಾಯಿಸುವ ಹಳೆಯ ಕಾಲದ ನೆಲಗಟಾರಿನಲ್ಲಿ ಮೋಟಾರಿನ ದಪ್ಪ ಕೇಬಲ್ಲುಗಳ ಮಗ್ಗುಲಲ್ಲೇ ಮಲಗಿತ್ತು. ಹೊಸ ಡ್ರೈವುಗಳು ಹೊರಡಿಸುವ ವಿದ್ಯುತ್ತಿನ ಗದ್ದಲ ಹಳೆಯವುಗಳಿಗಿಂತ ಬೇರೆ ಥರದ್ದು. ಒಂದೇ ಡ್ರೈವ್ ಓಡುವಾಗ ತಡೆದುಕೊಂಡಿದ್ದ ಸಿಗ್ನಲ್, ಎರಡೂ ಒಟ್ಟಿಗೆ ಜೋರಾಗಿ ಓಡಿದಾಗ ಆ ಗದ್ದಲದಲ್ಲಿ ಮುಳುಗಿಹೋಗಿತ್ತು. ಲೋಹದ ಹೊದಿಕೆ ಇರುವ ವೈರನ್ನು ಬೇರೆ ಕೊಳವೆಯಲ್ಲಿ, ಬೇರೆ ದಾರಿಯಲ್ಲಿ ತಂದು, ಆ ಹೊದಿಕೆಯನ್ನು ಒಂದೇ ತುದಿಯಲ್ಲಿ ಭೂಮಿಗೆ ಕೊಟ್ಟರೆ ಸರಿಹೋಗುತ್ತದೆ. ಇದನ್ನು ಮೇಡಂಗೆ ಹೇಳಿದೆ. ಕಾರಣ ಸಿಕ್ಕ ಸಮಾಧಾನ ನನ್ನ ಮಾತಿನಲ್ಲಿ ಇದ್ದಿರಬೇಕು.

ಅದೇ ಹೊತ್ತಿಗೆ ಅವರ ಮೇಲಧಿಕಾರಿಯ ಫೋನು ಬಂತು. ಆ ಕಡೆಯ ಮಾತು ನನಗೂ ಕೇಳುತ್ತಿತ್ತು. ಮಳೆ ಹತ್ತಿರ ಬಂತು, ವೈರು ಬದಲಿಸಿ ಮೂರನೆಯದನ್ನೂ ಜೋಡಿಸಿ ಮುಗಿಸಿಬಿಡಿ ಎನ್ನುತ್ತಿದ್ದರು. ಅವರ ಅವಸರ ತಪ್ಪೇನಲ್ಲ. ಮಳೆ ಬಿದ್ದರೆ ಬಾವಿಗೆ ಬರುವ ನೀರು ದುಪ್ಪಟ್ಟಾಗುತ್ತದೆ.

"ಇಲ್ರಿ ಸರ್," ಎಂದರು ಮೇಡಂ. "ವೈರ್ ಬದ್ಲಿ ಮಾಡ್ತೇವಿ. ಆದ್ರ ಮೂರನೇದ್ದು ಈಗ ಮುಟ್ಟಂಗಿಲ್ಲ. ಪ್ಯಾನೆಲ್ಲಿನ ವೈರಿಂಗ್ ಬಿಚ್ಚಿ ಮತ್ತ ಮಾಡ್ಸಾಕತ್ತೇನಿ. ಹೌದ್ರಿ, ಜವಾಬ್ದಾರಿ ನಂದ. ಬರದು ಕೊಡ್ತೇನಿ."

ಫೋನಿಟ್ಟು ನನ್ನ ಕಡೆ ತಿರುಗಿದರು. "ನಕ್ಷ್ಯಾಗ ಮೂರು ಪಂಪ್ ಒಂದ ಕಣ್ಣಿನ ಮ್ಯಾಲ ಕುಂತಾವ್ರಿ. ಇವತ್ತ ಆ ಕಣ್ಣಾಗ ಧೂಳ ಬಿತ್ತು. ನೀವು ಒರಸ್ತೀರಿ. ನಾಳೆ ಮತ್ತೊಂದ ಬೀಳ್ತೈತಿ. ಸೆನ್ಸರ್ ಹೋದ್ರೂ, ಕಂಟ್ರೋಲರ್ ಹೋದ್ರೂ ಒಂದೊಂದ ಪಂಪೂ ತನ್ನಷ್ಟಕ್ಕ ತಾನ ನಡೀಬೇಕು. ಅದು ಆಗತೈತೋ ಇಲ್ಲೋ, ಅಷ್ಟ ಹೇಳ್ರಿ."

ಆಗುತ್ತದೆ. ಪ್ರತಿ ಪಂಪಿಗೂ ಬಾವಿಯಲ್ಲಿ ತನ್ನದೇ ಒಂದು ತೇಲುಬುರುಡೆ ಬಿಡಬೇಕು. ನೀರು ಏರಿದಾಗ ಅದು ಮೇಲೆದ್ದು ಒಂದು ಸಾದಾ ರಿಲೇಯನ್ನು, ಅಂದರೆ ಕರೆಂಟಿನಿಂದ ಕೂಡುವ ಪುಟ್ಟ ಸ್ವಿಚ್ಚನ್ನು, ಎಳೆಯುತ್ತದೆ, ರಿಲೇ ನೇರವಾಗಿ ಡ್ರೈವಿಗೆ ಓಡು ಎನ್ನುತ್ತದೆ. ಎಲ್ಲ ಸರಿ ಇರುವಾಗ ಕಂಟ್ರೋಲರಿನ ಮಾತು, ಅದು ಕೈಕೊಟ್ಟು ನೀರು ಬುರುಡೆಯ ತನಕ ಏರಿದರೆ ಬುರುಡೆಯ ಮಾತು. ಹೊಸ ಕಾಲದ ಪ್ಯಾನೆಲ್ಲಿನೊಳಗೆ ಹಳೆ ಕಾಲದ ಯುಕ್ತಿ. ಆದರೆ ಅದಕ್ಕೆ ಅಷ್ಟು ದಿನ ಕಟ್ಟಿದ ವೈರಿಂಗನ್ನು ಬಿಚ್ಚಬೇಕು, ನಕ್ಷೆ ತಿದ್ದಬೇಕು, ತಿದ್ದಿದ ನಕ್ಷೆಗೆ ಮಂಜೂರಾತಿ ಬೇಕು. ಮಳೆಗೆ ಮುಂಚೆ ಮುಗಿಯುವ ಭರವಸೆ ಇಲ್ಲ ಎಂದೆ.

"ಮಂಜೂರಿ ನಾ ತರ್ತೇನಿ. ವೈರಿಂಗ್ ನೀವು ಮಾಡ್ರಿ. ಮಳಿ ಯಾರ ಕೈಯಾಗೂ ಇಲ್ಲ, ಅದನ್ನ ಬಿಡ್ರಿ."

ಬೆಳಗಾವಿಗೆ ಹೋಗಿ ಮಂಜೂರಾತಿಯನ್ನು ಕೈಯಲ್ಲೇ ಹಿಡಿದುಕೊಂಡು ಬಂದರು. ನಾನು ವರ್ಕ್‌ಶಾಪಿನ ಬೇರೆ ಕೆಲಸ ಬದಿಗಿಟ್ಟು, ನನ್ನ ಜೊತೆಯ ವೈರ್‌ಮನ್ನರನ್ನೆಲ್ಲ ಕರೆತಂದು ಕೂತೆ. ಆ ದಿನಗಳಲ್ಲಿ ಮೇಡಂ ಬಗ್ಗೆ ನನ್ನ ಗೌರವ ಹೆಚ್ಚಿದ್ದು ದೊಡ್ಡ ಮಾತಿಗಲ್ಲ. ಒಂದೊಂದು ವೈರಿನ ತುದಿಗೂ ಗುರುತಿನ ಅಂಕಿ ಇರುವ ಪ್ಲಾಸ್ಟಿಕ್ ತೋಳು ಹಾಕಿದ್ದೇವೆಯೇ ಎಂದು ಬಂದು ನೋಡುತ್ತಿದ್ದರು. ಹಾಕದೆ ಬಿಟ್ಟ ತುದಿ ಕಂಡರೆ ಅದರ ಮೇಲೆ ಬೆರಳಿಟ್ಟು ನಿಲ್ಲುತ್ತಿದ್ದರು, ನಾವು ಹಾಕುವ ತನಕ.

ತೇಲುಬುರುಡೆಗಳೂ ಮೊದಲ ಸಲಕ್ಕೆ ಒಪ್ಪಿಕೊಳ್ಳಲಿಲ್ಲ. ನೀರು ಬಂದು ಬೀಳುವ ಕಡೆಯೇ ಇಳಿಬಿಟ್ಟಿದ್ದೆವು. ಊರಿನ ಕೂದಲು, ಅರಿವೆ ಚೂರು, ಪ್ಲಾಸ್ಟಿಕ್ ಸುತ್ತಿಕೊಂಡು ಒಂದು ಬುರುಡೆ ಮೇಲೇಳದೆ ತೊಳಲಾಡುತ್ತಿತ್ತು. ಎದುರು ಬದಿಯ ಗೋಡೆಗೆ, ನೀರು ಶಾಂತವಾಗಿರುವಲ್ಲಿ, ತೂಕ ಕಟ್ಟಿದ ಸರಪಳಿಗೆ ಅವನ್ನು ಬಿಗಿದೆವು. ವಾರಕ್ಕೊಮ್ಮೆ ಎತ್ತಿ ತೊಳೆಯುವ ಕೆಲಸ ಆಪರೇಟರುಗಳ ಪಾಲಿಗೆ ಬಂತು. ಹಿರಿಯ ಆಪರೇಟರ್ ಗೊಣಗುತ್ತಲೇ ಒಪ್ಪಿಕೊಂಡರು.

ಎಲ್ಲ ಮುಗಿಯಿತೆಂದು ನಾನು ಹೇಳಿದಾಗ ಮೇಡಂ ಪರೀಕ್ಷೆಯ ಮಾತೆತ್ತಿದರು. ಮಧ್ಯಾಹ್ನ ನೀರು ಕಡಿಮೆ ಇರುವಾಗ ತೋರಿಸುತ್ತೇನೆ ಎಂದೆ.

"ಮಧ್ಯಾಹ್ನ ಬ್ಯಾಡ್ರಿ. ಅವತ್ತ ಕೈ ಕೊಟ್ಟಿದ್ದು ಬೆಳಿಗ್ಗೆ. ಬೆಳಿಗ್ಗೆನ ನೋಡೂಣು, ಊರು ಸ್ನಾನ ಮಾಡೂ ಹೊತ್ತಿಗೆ."

ಮರುದಿನ ಬೆಳಿಗ್ಗೆ ಎಲ್ಲರೂ ನೆರೆದೆವು. ಮೇಡಂ ಹಳ್ಳದ ದಂಡೆಯಲ್ಲಿ ಒಬ್ಬ ಆಪರೇಟರನ್ನು ಮೊದಲೇ ನಿಲ್ಲಿಸಿದ್ದರು, ಮೂರನೇ ಪಂಪಿನ ಹತ್ತಿರ ಇನ್ನೊಬ್ಬರನ್ನು. ಸಿಗ್ನಲ್ ವೈರನ್ನು ನಾನು ಬಿಚ್ಚಲು ಹೋದರೆ ಮೇಡಂ ಸ್ಕ್ರೂಡ್ರೈವರನ್ನು ಇಸಿದುಕೊಂಡು ಹಿರಿಯ ಆಪರೇಟರ್ ಕೈಗೆ ಕೊಟ್ಟರು. "ನೀವ ತಗೀರಿ ಕಾಕಾ. ನಾಳೆ ಇದನ್ನ ನಡಸಾವ್ರು ನೀವು."

ಅವರು ಅಂದು ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಬಂದರು. ಸ್ಕ್ರೂ ಸಡಿಲಿಸಿ ವೈರು ಎಳೆದರು. ನೀಲಿ ಪಟ್ಟಿ ತಳಕ್ಕೆ ಬಿತ್ತು. ಎರಡು ಪಂಪುಗಳ ಸದ್ದೂ ಇಳಿದು ಇಳಿದು ನಿಂತುಹೋಯಿತು. ಆಮೇಲೆ ಕೇಳಿದ್ದು ಬಾವಿಗೆ ನೀರು ಧುಮುಕುವ ಸದ್ದೊಂದೇ. ನಾನು ಎಷ್ಟೋ ಪ್ಯಾನೆಲ್ ಕಟ್ಟಿದ್ದೇನೆ, ಎಷ್ಟೋ ಕಡೆ ಪರೀಕ್ಷೆ ಕೊಟ್ಟಿದ್ದೇನೆ. ಅಂದು ಮಾತ್ರ ರಿಲೇಯ ಸದ್ದಿಗೆ ಕಿವಿಗೊಟ್ಟು ಬಾಗಿಲಲ್ಲೇ ನಿಂತೆ. ನೀರು ಏರುತ್ತಲೇ ಇತ್ತು. ಮೇಡಂ ಎರಡೂ ಕೈ ಕಟ್ಟಿಕೊಂಡು ಬಾವಿಯನ್ನೇ ನೋಡುತ್ತಿದ್ದರು.

ಕೋಣೆಯೊಳಗೆ 'ಟಕ್' ಎಂದಿತು. ಒಂದನೇ ಪಂಪು ಗುಂಯ್‌ಗುಟ್ಟಿ ಎದ್ದಿತು. ನೀರು ಇನ್ನಷ್ಟು ಏರಿತು. ಮತ್ತೊಂದು 'ಟಕ್'. ಎರಡನೆಯದೂ ಎದ್ದಿತು.

ಹಿರಿಯ ಆಪರೇಟರ್ ಕೈಯಲ್ಲಿ ಬಿಚ್ಚಿದ ವೈರು ಹಾಗೇ ಇತ್ತು. ಅದನ್ನೊಮ್ಮೆ, ಓಡುತ್ತಿದ್ದ ಡ್ರೈವನ್ನೊಮ್ಮೆ ನೋಡಿದರು. "ಆಯ್ಲಾ! ಕಣ್ಣ ಕಿತ್ತರೂ ನಡದಾವಲ್ಲೋ," ಎಂದು ಗಟ್ಟಿಯಾಗಿ ನಕ್ಕರು. ನಾವೂ ನಕ್ಕೆವು. ಮೇಡಂ ಮಾತ್ರ, "ಮತ್ತೊಮ್ಮೆ ಮಾಡ್ರಿ," ಎಂದರು. ಮಾಡಿದೆವು. ಆಮೇಲೆಯೇ ಅವರು ಮೂರನೇ ಪಂಪಿಗೆ ಅನುಮತಿ ಕೊಟ್ಟದ್ದು.

ಮೂರನೆಯದನ್ನು ಜೋಡಿಸಿ ಹೆಚ್ಚು ದಿನ ಆಗಿರಲಿಲ್ಲ. ನಾನು ಚಿಕ್ಕೋಡಿಯ ವರ್ಕ್‌ಶಾಪಿನಲ್ಲಿ ಇದ್ದೆ. ಮಧ್ಯಾಹ್ನ ಕಳೆಯುತ್ತಿದ್ದಂತೆ ಪಡುವಣದಲ್ಲಿ ಮೋಡ ಕಪ್ಪಿಟ್ಟು, ಗಾಳಿ ಎದ್ದು, ಮುಂಗಾರಿಗೆ ಮುಂಚಿನ, ಗುಡುಗು ಮಿಂಚಿನ ಅಡ್ಡಮಳೆ ಹೊಡೆಯಿತು. ಆಲಿಕಲ್ಲು ತಗಡಿನ ಮೇಲೆ ಬಡಿಯುವಾಗಲೇ ಆಪರೇಟರ್ ಫೋನು ಬಂತು. ಘಟಕದ ಹತ್ತಿರವೇ ಸಿಡಿಲು ಬಿದ್ದಿದೆ ಎಂಬುದಷ್ಟೇ ಕೇಳಿಸಿ ಮಾತು ಕಡಿಯಿತು. ಮತ್ತೆ ಹಚ್ಚಿದರೆ ಸಿಗಲಿಲ್ಲ.

ಕಾರು ತೆಗೆದೆ. ದಾರಿಯುದ್ದಕ್ಕೂ ಮುರಿದ ಟೊಂಗೆಗಳು, ಗಟಾರು ತುಂಬಿ ರಸ್ತೆಗೆ ಹರಿದ ನೀರು. ಕಬ್ಬಿನ ಟ್ರ್ಯಾಕ್ಟರೊಂದರ ಹಿಂದೆ ಸಿಕ್ಕಿಬಿದ್ದು ಹಾರ್ನ್ ಹೊಡೆಯುತ್ತ, ಬಾವಿ ಈಗ ಎಲ್ಲಿಗೆ ಬಂದಿರಬಹುದು ಎಂದು ಮನಸ್ಸಿನಲ್ಲೇ ಅಳೆಯುತ್ತ ಹೋದೆ. ಸಿಡಿಲಿಗೆ ಕಂಟ್ರೋಲರ್ ಉಳಿದಿರಲಾರದು ಎಂಬುದು ನನಗೆ ಹೆಚ್ಚುಕಡಿಮೆ ಖಾತ್ರಿ ಇತ್ತು.

ಗೇಟು ತೆರೆದೇ ಇತ್ತು. ಮಳೆ ಸಣ್ಣಗಾಗಿತ್ತು. ಓಡುತ್ತಾ ಕೋಣೆಯೊಳಗೆ ಹೋದೆ. ಪರದೆ ಕಪ್ಪಾಗಿತ್ತು. ಕಂಟ್ರೋಲರಿನ ಒಂದು ದೀಪವೂ ಉರಿಯುತ್ತಿರಲಿಲ್ಲ, ಸುಟ್ಟ ವಾಸನೆ ಸಣ್ಣಗೆ ಹರಡಿತ್ತು. ಪಕ್ಕದಲ್ಲಿ ಮೂರು ಡ್ರೈವುಗಳ ಹಸಿರು ದೀಪಗಳೂ ಉರಿಯುತ್ತಿದ್ದವು. ಗೋಡೆಯಾಚೆ ಮೂರು ಮೋಟಾರುಗಳು ಒಂದೇ ಶ್ರುತಿಯಲ್ಲಿ ಓಡುತ್ತಿದ್ದವು.

ಬಾವಿಯ ಕಟ್ಟೆಯ ಹತ್ತಿರ ಮೇಡಂ ಛತ್ರಿ ಹಿಡಿದು ನಿಂತಿದ್ದರು. ಅಲ್ಲಿಂದ ಅವರಿಗೆ ಬಾವಿಯೂ ಕಾಣುತ್ತಿತ್ತು, ಕಾಲುವೆಯೂ ಕಾಣುತ್ತಿತ್ತು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಕಪ್ಪು ನೀರು ಅರ್ಧ ಬಾವಿಯಲ್ಲಿ ಸುತ್ತು ಹಾಕುತ್ತಿತ್ತು, ಅದಕ್ಕಿಂತ ಮೇಲೆ ಬಂದಿರಲಿಲ್ಲ. ಕಾಲುವೆಯಲ್ಲಿ ಮಳೆಯ ನೀರು ಬಿಟ್ಟರೆ ಬೇರೇನೂ ಇರಲಿಲ್ಲ.

"ಕಂಟ್ರೋಲರ್ ಸುಟ್ಟೈತ್ರಿ ಮೇಡಂ," ಎಂದೆ. ಉಸಿರು ಇನ್ನೂ ನೆಟ್ಟಗಾಗಿರಲಿಲ್ಲ.

"ಗೊತ್ತೈತ್ರಿ. ಸಾವಕಾಶ ಬದ್ಲಿ ಮಾಡ್ರಿ, ಅವಸರ ಏನಿಲ್ಲ," ಎಂದರು. ಆಮೇಲೆ ನನ್ನ ಒದ್ದೆ ಅಂಗಿ ನೋಡಿ ಛತ್ರಿಯನ್ನು ನನ್ನ ಕಡೆಗೂ ವಾಲಿಸಿದರು. "ಹಿಂಗ ಓಡಿ ಬರೂದ ಯಾಕ ಬೇಕಿತ್ತರಿ? ನೀವ ಕಟ್ಟಿದ್ದು ಇಲ್ಲೆ ನಡದೈತಲ್ರಿ."